ಹುಚ್ಚು ಬಿಟ್ಟಿತು, ಬುದ್ಧಿ ಮರಳಿತೆ?

"ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು" ಎಂಬ ಗಾದೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ನಗುವುದಕ್ಕೆಂದು ಹುಟ್ಟಿದ ಮಾತೇ ಇರಬಹುದು. ಆದರೆ ಅದರೊಳಗೆ ನಮ್ಮೆಲ್ಲರ ಒಂದು ನಂಬಿಕೆ ಅಡಗಿದೆ. ಹುಚ್ಚೆಂಬುದು ಒಂದೇ ಗಂಟು, ಅದು ಹಿಡಿಯುತ್ತದೆ, ಇಲ್ಲವೆ ಬಿಡುತ್ತದೆ, ಬಿಟ್ಟ ದಿನವೇ ಮನುಷ್ಯ ಮೊದಲಿನಂತೆ ಆಗುತ್ತಾನೆ ಎಂಬುದೇ ಆ ನಂಬಿಕೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಂದ ಮೈಸೂರಿಗೋ ಬೆಂಗಳೂರಿಗೋ ಹೋಗಿ, ಮನೋರೋಗದ ವಾರ್ಡಿನಲ್ಲಿ ಮೂರು ನಾಲ್ಕು ವಾರ ಇದ್ದು ಊರಿಗೆ ಮರಳಿದವನನ್ನು ನಾವು ಕೇಳುವ ಪ್ರಶ್ನೆಗಳೂ ಈ ನಂಬಿಕೆಯಿಂದಲೇ ಹುಟ್ಟಿದವು. ಕೂಗಾಟ ನಿಂತಿತೆ? ನಿದ್ದೆ ಹತ್ತಿತೆ? ತಂತಾನೇ ಮಾತಾಡಿಕೊಳ್ಳುವುದು ಕಡಮೆಯಾಯಿತೆ? ಇಷ್ಟಕ್ಕೆ ಹೌದೆಂದು ಉತ್ತರ ಬಂದರೆ ಮನೆಯವರಿಗೂ ಸಮಾಧಾನ, ಆಸ್ಪತ್ರೆಯವರಿಗೂ ಸಮಾಧಾನ.

ಇನ್ನೂ ಕೆಲವು ಪ್ರಶ್ನೆಗಳಿವೆ. ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿರುತ್ತದೆಯೆ? ಎರಡು ಕೆಲಸ ಒಟ್ಟಿಗೆ ಹೇಳಿದರೆ ಎರಡನ್ನೂ ಮಾಡಿ ಮುಗಿಸುತ್ತಾನೆಯೆ? ಚಿಲ್ಲರೆ ಲೆಕ್ಕ ಕೈಗೆ ಹತ್ತುತ್ತದೆಯೆ? ಹೊತ್ತುಗೊತ್ತಿನ ಅರಿವು ಇದೆಯೆ? ಇವನ್ನು ಯಾರೂ ಕೇಳುವುದಿಲ್ಲ. ದುಡಿದು ತಿನ್ನುವವನಿಗೆ ಮುಖ್ಯವಾದವು ಈ ಪ್ರಶ್ನೆಗಳೇ. ಇವನ್ನು ಊರಿನ ಜನ ಕೇಳದಿದ್ದರೆ ಅರ್ಥವಾಗುತ್ತದೆ. ವಾರ್ಡಿನಲ್ಲಿಯೂ ತಪ್ಪದೆ ಕೇಳುವ ಏರ್ಪಾಡು ಇಲ್ಲದಿದ್ದರೆ ಅದನ್ನು ಒಪ್ಪಿಕೊಳ್ಳುವುದು ಹೇಗೆ?

ಒಬ್ಬ ಗಿರಣಿ ಕೆಲಸಗಾರನ ಕಥೆ

ನಮಗೆ ಪರಿಚಯವಿದ್ದ ಒಬ್ಬ ಕೆಲಸಗಾರನ ವಿಷಯ ಹೇಳುತ್ತೇವೆ. ಅವನ ಹೆಸರಾಗಲಿ, ಊರಾಗಲಿ, ಆಸ್ಪತ್ರೆಯ ಹೆಸರಾಗಲಿ ಇಲ್ಲಿ ಬೇಡ. ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಎಣಿಸಿ ಚೀಟಿ ಬರೆಯುವ ಕೆಲಸ ಅವನದು. ಏಳನೆಯ ತರಗತಿಯವರೆಗೆ ಓದಿದವನು. ಹತ್ತು ವರ್ಷ ಒಂದು ಮೂಟೆ ತಪ್ಪದಂತೆ ಲೆಕ್ಕ ಕೊಟ್ಟವನು. ಒಂದು ವರ್ಷ ಅವನಿಗೆ ಯಾರೋ ಬೈಯುವ ಧ್ವನಿಗಳು ಕೇಳತೊಡಗಿದವು. ಗಿರಣಿಯವರೆಲ್ಲ ತನ್ನ ಮೇಲೆ ಮಸಲತ್ತು ನಡೆಸಿದ್ದಾರೆ ಎಂಬ ಅನುಮಾನ ಹುಟ್ಟಿತು. ಮನೆಯವರು ಮೊದಲು ದೇವರು ದಿಂಡರೆಂದು ಅಲೆದು, ಕೊನೆಗೆ ಆಸ್ಪತ್ರೆಗೆ ಸೇರಿಸಿದರು. ಮೂರು ವಾರದಲ್ಲಿ ಧ್ವನಿಗಳು ನಿಂತವು. ಇದು ಸಣ್ಣ ಮಾತಲ್ಲ, ವೈದ್ಯಶಾಸ್ತ್ರಕ್ಕೆ ನಾವು ಕೈಮುಗಿಯಬೇಕು.

ಊರಿಗೆ ಬಂದ ಮೇಲೆ ಕಥೆ ಬೇರೆಯಾಯಿತು. ಎಣಿಕೆ ನಡುವೆ ತಪ್ಪುತ್ತಿತ್ತು. ಮೇಸ್ತ್ರಿ ಹೇಳಿದ ಮೂರು ಮಾತಿನಲ್ಲಿ ಒಂದು ಮಾತ್ರ ತಲೆಯಲ್ಲಿ ನಿಲ್ಲುತ್ತಿತ್ತು. ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದು ಮರೆತು ಒಮ್ಮೆ ಎರಡು ಸಲ ನುಂಗಿದ, ಮತ್ತೊಮ್ಮೆ ಎರಡು ದಿನ ಬಿಟ್ಟ. ಕುಡಿದು ಬಂದಿದ್ದಾನೆಂದು ಕೆಲವರು, ಮೂಟೆ ಕದ್ದು ಲೆಕ್ಕ ತಿರುಚುತ್ತಾನೆಂದು ಇನ್ನು ಕೆಲವರು. ಮನೆಯಲ್ಲಿ "ಸೋಮಾರಿತನ ಕಲಿತುಕೊಂಡು ಬಂದವ್ರೆ" ಎಂಬ ಮಾತು. ಎಂಟು ತಿಂಗಳಲ್ಲಿ ಕೆಲಸ ಹೋಯಿತು. ಮಾತ್ರೆ ತಪ್ಪಿದ್ದರಿಂದ ಧ್ವನಿಗಳು ಮರಳಿದವು. ಮತ್ತೆ ವಾರ್ಡು.

ಎರಡನೆಯ ಸಲ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, ರೋಗ ಇಳಿದ ಮೇಲೆ ಅವನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತರು. ಮೂರು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ಸಣ್ಣ ಲೆಕ್ಕ ಕೊಟ್ಟರು. ಅವನ ಹೆಂಡತಿಯನ್ನು ಬೇರೆ ಕೂರಿಸಿಕೊಂಡು, "ಅಮ್ಮಾ, ಮನೆಯಲ್ಲಿ ಯಾವ ಯಾವ ಕೆಲಸ ಮೊದಲು ಮಾಡುತ್ತಿದ್ದರು, ಈಗ ಯಾವುದು ಆಗುವುದಿಲ್ಲ?" ಎಂದು ವಿಚಾರಿಸಿದರು. ಆಮೇಲೆ ಸತ್ಯ ಹೊರಬಿತ್ತು. ಧ್ವನಿ ಹೋಗಿದ್ದರೂ ಅವನ ಗಮನ ಮತ್ತು ನೆನಪು ಸೋತಿದ್ದವು. ಕೈನಡುಕಕ್ಕೆಂದು ಕೊಡುತ್ತಿದ್ದ ಮಾತ್ರೆಯೂ ನೆನಪನ್ನು ಮಂಕುಮಾಡುವಂಥದು ಎಂದು ಕಂಡು ಡಾಕ್ಟರು ಅದನ್ನು ನಿಧಾನವಾಗಿ ಇಳಿಸಿದರು. ಮಾತ್ರೆಗಳ ಹೊಣೆ ಹೆಂಡತಿಗೆ ಬಂತು. ಗಿರಣಿಯವರಿಗೆ ಒಂದು ಪತ್ರ ಹೋಯಿತು. ಎಣಿಕೆ ಕೆಲಸ ಬಿಟ್ಟು ಚೀಲ ಹೊಲಿಯುವ ಕೆಲಸ ಸಿಕ್ಕಿತು. ಅವನು ಮೊದಲಿನಂತೆ ಆಗಲಿಲ್ಲ, ಆದನೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಕಳ್ಳನೆಂಬ, ಸೋಮಾರಿಯೆಂಬ ಹೆಸರು ಅಳಿಸಿತು. ಮನೆಯ ಒಲೆ ಮತ್ತೆ ಹೊತ್ತಿತು.

ಆ ಅರ್ಧ ಗಂಟೆ ಮೊದಲನೆಯ ಸಲವೇ ಸಿಕ್ಕಿದ್ದರೆ? ಈ ಲೇಖನದ ವಾದವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ.

ಏನಿದು ಗ್ರಹಣಶಕ್ತಿ?

ಗಮನವಿಡುವುದು, ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವುದು, ಬೇಕಾದಾಗ ನೆನೆಸಿಕೊಳ್ಳುವುದು, ಲೆಕ್ಕ ಮಾಡುವುದು, ಒಂದಾದ ಮೇಲೊಂದು ಏನು ಮಾಡಬೇಕೆಂದು ಯೋಜಿಸುವುದು, ಹೊತ್ತು ಮತ್ತು ಸ್ಥಳದ ಅರಿವು ಇವೆಲ್ಲ ಸೇರಿದ ಶಕ್ತಿಗೆ ಡಾಕ್ಟರುಗಳು ಕಾಗ್ನಿಷನ್ ಎನ್ನುತ್ತಾರೆ. ನಾವು ಗ್ರಹಣಶಕ್ತಿ ಎನ್ನೋಣ. ಇದು ಕುಂದಿದರೆ ಮನುಷ್ಯ ಕೂಗುವುದಿಲ್ಲ, ಹೊಡೆಯುವುದಿಲ್ಲ. ಸುಮ್ಮನೆ ಹಿಂದೆ ಬೀಳುತ್ತಾನೆ. ಆದ್ದರಿಂದಲೇ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮನೋರೋಗಕ್ಕೂ ಇದಕ್ಕೂ ಇರುವ ನಂಟು ಹೊಸ ಸಂಗತಿಯಲ್ಲ. ಇಂದು ನಾವು ಸ್ಕಿಜೋಫ್ರೇನಿಯ ಎನ್ನುವ ಕಾಯಿಲೆಯನ್ನು ಜರ್ಮನಿಯ ಎಮಿಲ್ ಕ್ರೆಪೆಲಿನ್ ಎಂಬ ವೈದ್ಯ 1890ರ ದಶಕದಲ್ಲಿ ವಿವರಿಸಿದಾಗ, ಅದಕ್ಕೆ ಹರೆಯದಲ್ಲೇ ಬರುವ ಬುದ್ಧಿಕ್ಷಯ ಎಂಬ ಅರ್ಥದ ಹೆಸರನ್ನೇ ಬಳಸಿದ. ಅವನ ಹೆಸರೂ ಅದರ ಹಿಂದಿನ ನಿರಾಶೆಯೂ ಬಹುಮಟ್ಟಿಗೆ ತಪ್ಪೆಂದು ಆಮೇಲೆ ತಿಳಿಯಿತು. ಎಲ್ಲರೂ ಕುಸಿಯುತ್ತಲೇ ಹೋಗುವುದಿಲ್ಲ. ಆದರೆ ಈ ರೋಗದಲ್ಲಿ ಗಮನ, ನೆನಪು, ಯೋಚನೆಯ ಚುರುಕು ಬಹಳ ಜನರಲ್ಲಿ ಕುಂದುತ್ತವೆಂಬುದು ಇಂದಿಗೂ ನಿಜ. ಧ್ವನಿಗಳನ್ನು ನಿಲ್ಲಿಸುವ ಮಾತ್ರೆಗಳು ಈ ಕುಂದನ್ನು ಹೆಚ್ಚಾಗಿ ತುಂಬಿಕೊಡುವುದಿಲ್ಲ ಎಂಬುದೂ ನಿಜ. ರೋಗಿ ಮತ್ತೆ ದುಡಿಮೆಗೆ ನಿಲ್ಲಬಲ್ಲನೆ ಎಂಬುದು ಧ್ವನಿ ಕೇಳುತ್ತದೆಯೆ ಇಲ್ಲವೆ ಎಂಬುದರಷ್ಟೇ ಈ ಶಕ್ತಿಯ ಮೇಲೂ ನಿಂತಿದೆ.

ತೀವ್ರವಾದ ಖಿನ್ನತೆಯಲ್ಲಿ ವಯಸ್ಸಾದವರಿಗೆ ಎಷ್ಟು ಮರೆವು ಬರುವುದೆಂದರೆ, ಅರಳುಮರಳೆಂದೇ ಮನೆಯವರು ಕೈಬಿಡುವುದುಂಟು. ಖಿನ್ನತೆಗೆ ಚಿಕಿತ್ಸೆ ಮಾಡಿದರೆ ಅವರಲ್ಲಿ ಅನೇಕರ ನೆನಪು ತಿಳಿಯಾಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಅರವತ್ತು ದಾಟಿದವನಿಗೆ ಮೊದಲ ಸಲ ಅನುಮಾನ, ಸಿಟ್ಟು ಬಂದಾಗ ಹುಚ್ಚೆಂದು ವಾರ್ಡಿಗೆ ಸೇರಿಸುತ್ತಾರೆ. ಒಳಗಿರುವುದು ನಿಜವಾಗಿ ಮಿದುಳು ಸವೆಯುವ ಡಿಮೆನ್ಷಿಯ ಆಗಿರಬಹುದು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಪರೀಕ್ಷಿಸದೆ ಬೇರ್ಪಡಿಸುವುದು ಹೇಗೆ?

ವಾಸಿಯಾಗಬಹುದಾದದ್ದು ವಾಸಿಯಾಗದೆ ಉಳಿಯಬಾರದು

ಇನ್ನೊಂದು ವರ್ಗ ಇದೆ, ಅದು ನಮ್ಮ ಜನಕ್ಕೆ ಬಹಳ ಹತ್ತಿರದ್ದು. ವರ್ಷಗಟ್ಟಲೆ ಕುಡಿದು, ಊಟ ಬಿಟ್ಟವನ ಮೈಯಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ ಬತ್ತುತ್ತದೆ. ಆಗ ಮನಸ್ಸು ಗೊಂದಲಗೊಳ್ಳುತ್ತದೆ, ಕಣ್ಣಿನ ಓಟ ಕೆಡುತ್ತದೆ, ನಡಿಗೆ ತೂರಾಡುತ್ತದೆ. 1881ರಲ್ಲಿ ವೆರ್ನಿಕೆ ಎಂಬ ಜರ್ಮನ್ ವೈದ್ಯ ಇದನ್ನು ವಿವರಿಸಿದ. ಆ ಘಟ್ಟದಲ್ಲಿ ಜೀವಸತ್ವದ ಸೂಜಿಮದ್ದು ಕೊಟ್ಟರೆ ಮನುಷ್ಯ ಉಳಿಯುತ್ತಾನೆ, ನೆನಪೂ ಉಳಿಯಬಹುದು. ತಡಮಾಡಿದರೆ ಹೊಸದೇನೂ ನೆನಪಿನಲ್ಲಿ ನಿಲ್ಲದ ಸ್ಥಿತಿಗೆ ಜಾರುತ್ತಾನೆ. ರಷ್ಯದ ಕೊರ್ಸಕೋಫ್ 1887ರಲ್ಲಿ ಬರೆದದ್ದು ಆ ಸ್ಥಿತಿಯನ್ನು. ಮದ್ದು ದುಬಾರಿಯದಲ್ಲ. ಅದು ಬೇಕಾಗಿದೆಯೆಂದು ಗುರುತಿಸುವ ಕಣ್ಣೇ ದುಬಾರಿ. ಕುಡುಕನೆಂದು ಮೂಲೆಗೆ ತಳ್ಳಿದವನ ಗೊಂದಲವನ್ನು ಯಾರು ಅಳೆದು ನೋಡುತ್ತಾರೆ?

ಥೈರಾಯ್ಡ್ ಗ್ರಂಥಿ ಕುಂದಿದರೆ, ಬಿ12 ಜೀವಸತ್ವ ಕಡಮೆಯಾದರೆ, ರಕ್ತದಲ್ಲಿ ಉಪ್ಪಿನ ಅಂಶ ಇಳಿದರೆ, ಜ್ವರ ಅಥವಾ ಸೋಂಕು ಮಿದುಳಿಗೆ ಏರಿದರೆ, ಬಿದ್ದ ಪೆಟ್ಟಿನಿಂದ ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಕಟ್ಟಿದರೆ, ಮೂರ್ಛೆರೋಗವಿದ್ದರೆ, ಹೊಲಕ್ಕೆ ಹೊಡೆಯುವ ಕ್ರಿಮಿನಾಶಕ ಮೈಗೇರಿದರೆ ಬುದ್ಧಿ ಮಂಕಾಗುವುದುಂಟು, ಹುಚ್ಚಿನ ಚಹರೆಯೂ ಕಾಣುವುದುಂಟು. ಇವುಗಳಲ್ಲಿ ಹಲವನ್ನು ಗುಣಪಡಿಸಬಹುದು. ನಿದ್ದೆ ಮಾತ್ರೆ, ನಡುಕದ ಮಾತ್ರೆಗಳಿಂದ ಬಂದ ಮಂಕನ್ನು ಮಾತ್ರೆ ಇಳಿಸಿಯೇ ಕಡಮೆ ಮಾಡಬಹುದು. ಆದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿಯೇ ಇಳಿಸಬೇಕು ಎಂಬುದನ್ನು ಓದುಗರು ಗಟ್ಟಿಯಾಗಿ ನೆನಪಿಡಬೇಕು.

ಗ್ರಹಣಶಕ್ತಿಯ ಪರೀಕ್ಷೆ ಈ ಯಾವ ಕಾಯಿಲೆಯನ್ನೂ ತಾನೇ ಕಂಡುಹಿಡಿಯುವುದಿಲ್ಲ. ಅದು ಜರಡಿ ಮಾತ್ರ. ಜರಡಿಯಲ್ಲಿ ಉಳಿದದ್ದನ್ನು ಮುಂದೆ ಕೂಲಂಕಷವಾಗಿ ನೋಡಬೇಕು. ಆದರೆ ಜರಡಿಯನ್ನೇ ಹಿಡಿಯದಿದ್ದರೆ ಕಲ್ಲೂ ಅಕ್ಕಿಯೂ ಒಂದೇ ಚೀಲಕ್ಕೆ ಬೀಳುತ್ತವೆ.

ಯಾವಾಗ ಕೇಳಬೇಕು?

ವಾರ್ಡಿಗೆ ಬಂದ ದಿನವೇ ರೋಗಿ ಕೆರಳಿರುತ್ತಾನೆ, ಅವನಿಂದ ಲೆಕ್ಕ ಮಾಡಿಸಲಾದೀತೆ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದ್ದರಿಂದ ಎರಡು ಸಲ ನೋಡಬೇಕೆಂಬುದು ನಮ್ಮ ವಾದ. ಬಂದ ದಿನ ನೋಡಬೇಕಾದದ್ದು ಗೊಂದಲವನ್ನು. ಹೊತ್ತುಗೊತ್ತು ತಿಳಿಯುತ್ತಿದೆಯೆ, ಗಮನ ಕ್ಷಣಕ್ಷಣಕ್ಕೆ ಜಾರುತ್ತಿದೆಯೆ, ರಾತ್ರಿಗೆ ಹೆಚ್ಚಾಗಿ ಹಗಲಿಗೆ ಇಳಿಯುತ್ತದೆಯೆ ಎಂಬುದನ್ನು. ಇದ್ದರೆ ಅದು ಮೈಯ ಕಾಯಿಲೆ ಮಿದುಳನ್ನು ಹಿಡಿದ ಸೂಚನೆ ಇರಬಹುದು, ಜೀವಕ್ಕೇ ಅಪಾಯ. ರೋಗ ಇಳಿದು, ಮನೆಗೆ ಕಳುಹಿಸುವ ಮುನ್ನ ಇನ್ನೊಂದು ಸಲ ನೆನಪು, ಗಮನ, ಲೆಕ್ಕ, ಯೋಜನೆ ಇವನ್ನು ನಿಧಾನವಾಗಿ ನೋಡಬೇಕು. ಮಂಕು ಕಂಡರೆ ಕೆಲವು ತಿಂಗಳ ಮೇಲೆ ಮತ್ತೊಮ್ಮೆ ನೋಡಬೇಕು. ಒಂದೇ ದಿನದ ಅಂಕ ನೋಡಿ ಯಾರ ಹಣೆಬರಹವನ್ನೂ ಬರೆಯಬಾರದು. ಎರಡು ಸಲ ಅಳೆದರೆ ತಾನೆ ಏರಿತೋ ಇಳಿಯಿತೋ ತಿಳಿಯುವುದು? ತಕ್ಕಡಿಯ ಮುಂದೆ ಕೂರುವ ನಮ್ಮ ವರ್ತಕ ಬಂಧುಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ ಯಾರದು, ಉತ್ತರ ಯಾರದು?

ಪರೀಕ್ಷೆ ಮಾಡಿ ಎಂದು ಕೂಗಿದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ. ಎಂಥ ಪರೀಕ್ಷೆ ಎಂಬುದನ್ನೂ ಕೇಳಬೇಕು.

ಜಗತ್ತಿನಾದ್ಯಂತ ಹೆಸರಾದ ಒಂದು ಪರೀಕ್ಷೆಯನ್ನು ಅಮೆರಿಕದಲ್ಲಿ ಫೋಲ್‌ಸ್ಟೀನ್ ದಂಪತಿಗಳು ಮತ್ತು ಮೆಕ್‌ಹ್ಯೂ 1975ರಲ್ಲಿ ಪ್ರಕಟಿಸಿದರು. ಮಿನಿ ಮೆಂಟಲ್ ಎಂದು ಅದರ ಹೆಸರು. ಮನೋರೋಗದ ವಾರ್ಡಿನ ರೋಗಿಗಳ ಮೇಲೆಯೇ ಅದನ್ನು ಮೊದಲು ಪ್ರಯೋಗಿಸಿ ನೋಡಿದ್ದು ಎಂಬುದು ಗಮನಿಸಬೇಕಾದ ಸಂಗತಿ. ಹತ್ತು ನಿಮಿಷದ ಕೆಲಸ, ಒಟ್ಟು 30 ಅಂಕ. 24ಕ್ಕಿಂತ ಕಡಮೆ ಬಂದರೆ ಕುಂದಿದೆ ಎಂದು ಸಂಶಯಪಡುವುದು ರೂಢಿ.

ಈಗ ನಾವೇ ಒಂದು ಲೆಕ್ಕ ಹಾಕೋಣ. ಈ 30ರಲ್ಲಿ ಬರೆದದ್ದನ್ನು ಓದಿ ಅದರಂತೆ ಮಾಡುವುದಕ್ಕೆ 1 ಅಂಕ. ಒಂದು ವಾಕ್ಯ ಬರೆಯುವುದಕ್ಕೆ 1. ಒಂದರ ಮೇಲೊಂದು ಬಿದ್ದ ಎರಡು ಐಮೂಲೆ ಚಿತ್ರಗಳನ್ನು ನೋಡಿ ಬರೆಯುವುದಕ್ಕೆ 1. ನೂರರಿಂದ ಏಳೇಳು ಕಳೆಯುತ್ತ ಹೋಗುವುದಕ್ಕೆ 5. ಒಟ್ಟು 8. ಎಂದೂ ಪೆನ್ಸಿಲು ಹಿಡಿಯದ, ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಹೆಂಗಸು ಉಳಿದ ಎಲ್ಲ ಪ್ರಶ್ನೆಗಳಿಗೂ ಸರಿಯುತ್ತರ ಕೊಟ್ಟರೂ ಅವಳಿಗೆ ಬರುವುದು 22. ಪೂರ್ತಿ ಆರೋಗ್ಯವಾಗಿರುವವಳು ಬುದ್ಧಿ ಕುಂದಿದವಳೆಂದು ಕಾಗದದ ಮೇಲೆ ದಾಖಲಾಗುತ್ತಾಳೆ! ಅಳೆದದ್ದು ಅವಳ ಬುದ್ಧಿಯನ್ನೋ, ಅವಳಿಗೆ ಶಾಲೆ ಕೊಡದ ಸಮಾಜದ ತಪ್ಪನ್ನೋ?

ಕೋಟೆ ಕಡೆಯ ಒಬ್ಬ ಅಜ್ಜಿಯನ್ನು ಇವತ್ತು ತಾರೀಖು ಎಷ್ಟು ಎಂದು ಕೇಳಿ ನೋಡಿ. "ಅಮಾಸೆ ಕಳ್ದು ನಾಕ್ ದಿನ ಆಯ್ತು ಕನ ಬುದ್ದೀ" ಎನ್ನುತ್ತಾಳೆ. ಅವಳ ಲೆಕ್ಕ ತಪ್ಪಲ್ಲ. ಕೇಳಿದವನ ಕ್ಯಾಲೆಂಡರು ಬೇರೆ. ಆದರೆ ಅಂಕ ಸೊನ್ನೆ. ಕಾಡಂಚಿನ ಹಾಡಿಯ ಜೇನುಕುರುಬ ಮುದುಕನಿಗೆ ಕನ್ನಡವೂ ಎರಡನೆಯ ಮಾತು. ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆನಿಂತ ಟಿಬೆಟಿಯನರ ಮಾತು ಬೇರೆ. ಹುಣಸೂರಿನ ಪೇಟೆಯಲ್ಲಿ ಉರ್ದು ಮನೆಮಾತಿನವರು ಬೇಕಾದಷ್ಟು ಜನ. ಇವರನ್ನೆಲ್ಲ ಅವರವರ ಮಾತಿನಲ್ಲಿ ಕೇಳದೆ ಅಂಕ ಹಾಕುವುದು ಅನ್ಯಾಯ.

ದಾರಿ ಇಲ್ಲವೆಂದಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದುಬರಹ ಬಾರದ ಮುದುಕರಿಗಾಗಿಯೇ ಮೇರಿ ಗಂಗೂಲಿ ಮತ್ತು ಅವರ ಸಂಗಡಿಗರು ಇದೇ ಪರೀಕ್ಷೆಯನ್ನು ತಿದ್ದಿ, 1995ರಲ್ಲಿ ಹಿಂದಿಯ ರೂಪವನ್ನು ಪ್ರಕಟಿಸಿದರು. ಓದಿ ಮಾಡು ಎನ್ನುವ ಬದಲು, ನನ್ನ ಮುಖ ನೋಡಿ ನಾನು ಮಾಡಿದಂತೆ ಮಾಡು ಎಂದರು. ವಾಕ್ಯ ಬರೆ ಎನ್ನುವ ಬದಲು, ನಿನ್ನ ಮನೆಯ ಬಗ್ಗೆ ಒಂದು ಮಾತು ಹೇಳು ಎಂದರು. ಅಕ್ಷರಗಳನ್ನು ಹಿಂದುಮುಂದಾಗಿ ಹೇಳಿಸುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ಮನೆಯವರನ್ನು ಕೇಳಿ ದಿನನಿತ್ಯದ ಕೆಲಸಗಳನ್ನು ತಿಳಿಯುವ ಪ್ರಶ್ನಾವಳಿಯೂ ಅಲ್ಲಿಯೇ ರೂಪುಗೊಂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಐದು ಭಾಷೆಗಳಲ್ಲಿ ಸಿದ್ಧಪಡಿಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಗಳ ಕಟ್ಟಿನಲ್ಲಿ ಕನ್ನಡವೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ವಯಸ್ಸು ಮತ್ತು ವಿದ್ಯೆಗಳನ್ನು ಲೆಕ್ಕಕ್ಕೆ ಹಿಡಿದ ತನ್ನದೇ ಪರೀಕ್ಷಾಮಾಲೆಯನ್ನು 2004ರಲ್ಲಿಯೇ ಹೊರತಂದಿತು. ನಮ್ಮ ಮೈಸೂರಿನಲ್ಲೇ, ಜನ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1966ರವರೆಗೆ ಹುಟ್ಟಿದವರನ್ನು ಹುಡುಕಿ, ಅವರ ಇಳಿವಯಸ್ಸಿನ ನೆನಪು ಮತ್ತು ಮನಸ್ಸಿನ ಆರೋಗ್ಯವನ್ನು ಪರಿಶೀಲಿಸುವ ಅಧ್ಯಯನ ನಡೆದಿದೆ. ಅಂದಮೇಲೆ ನಮ್ಮ ಊರಿನ ಸಾಮಾನ್ಯ ಜನರನ್ನು ನಮ್ಮ ಮಾತಿನಲ್ಲಿ ಪರೀಕ್ಷಿಸಲು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಒಂದು ಎಚ್ಚರಿಕೆ ಬೇಕು. ಚುಂಚನಕಟ್ಟೆ ಜಾತ್ರೆ ಯಾವ ಹಬ್ಬದ ಕಾಲಕ್ಕೆ, ಕಪಿಲೆಗೆ ಕಟ್ಟಿದ ಅಣೆಕಟ್ಟೆ ಯಾವ ತಾಲ್ಲೂಕಿನಲ್ಲಿ ಎಂದು ನಮಗೆ ತೋಚಿದ್ದನ್ನು ಕೇಳಿಬಿಟ್ಟರೆ ಪರೀಕ್ಷೆಯಾಗದು. ಸ್ಥಳೀಯ ಪ್ರಶ್ನೆಗಳು ಒಳ್ಳೆಯವೇ. ಆದರೆ ಅವನ್ನು ಮೊದಲು ಈ ನಾಲ್ಕು ತಾಲ್ಲೂಕುಗಳ ಆರೋಗ್ಯವಂತರಿಗೆ, ಓದಿದವರಿಗೂ ಓದದವರಿಗೂ, ಕೇಳಿ ನೋಡಿ, ಸಾಮಾನ್ಯವಾಗಿ ಎಷ್ಟು ಅಂಕ ಬರುತ್ತದೆಂದು ತಿಳಿದುಕೊಂಡ ಮೇಲೆಯೇ ರೋಗಿಯ ಮುಂದಿಡಬೇಕು. ಅಳತೆಗೋಲನ್ನು ಮೊದಲು ಅಳೆಯಬೇಕು.

ಇನ್ನೂ ಒಂದು ಮಾತು. ಆ 1975ರ ಪರೀಕ್ಷೆಯ ಹಕ್ಕು ಆಮೇಲೆ ಒಂದು ಖಾಸಗಿ ಕಂಪನಿಯ ಕೈಸೇರಿ, ಹಾಳೆ ಹಾಳೆಗೂ ಬೆಲೆ ಬಿತ್ತು. ಇವತ್ತು ಯಾವ ದಿನ, ಇದು ಯಾವ ಊರು ಎಂದು ಕೇಳುವುದಕ್ಕೂ ಸುಂಕ ಕಟ್ಟಬೇಕಾದ ಕಾಲವಿದು! ಸಾರ್ವಜನಿಕರ ಹಣದಿಂದ ನಮ್ಮ ದೇಶದಲ್ಲಿ ಸಿದ್ಧವಾದ ಪರೀಕ್ಷೆಗಳು ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೂ ಬಿಟ್ಟಿಯಾಗಿ ತಲಪಬೇಕು.

ಪರೀಕ್ಷೆ ಆಯುಧವಾಗಬಾರದು

ಇಷ್ಟೆಲ್ಲ ಹೇಳುವಾಗ ನಮ್ಮ ಮನಸ್ಸಿನಲ್ಲಿ ಒಂದು ಭಯವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕಡಮೆ ಅಂಕದ ಕಾಗದ ಹಿಡಿದು, ಇವನಿಗೆ ಬುದ್ಧಿಯಿಲ್ಲ ಎಂದು ಅಣ್ಣತಮ್ಮಂದಿರು ಜಮೀನಿನ ಪಾಲು ತಪ್ಪಿಸಿದರೆ? ಪಾಲುದಾರ ಅಂಗಡಿಯಿಂದ ಹೊರಹಾಕಿದರೆ? ಮಾಲೀಕ ಅದನ್ನೇ ನೆಪಮಾಡಿ ಕೆಲಸದಿಂದ ತೆಗೆದರೆ? ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿಗೆ ನಮ್ಮಲ್ಲಿ ಯಾವ ಕಾಲಕ್ಕೂ ಬರವಿಲ್ಲ.

ಕಾನೂನು ಈ ವಿಷಯದಲ್ಲಿ ರೋಗಿಯ ಕಡೆಗಿದೆ. 1912ರ ಹಳೆಯ ಕಾಯಿದೆ ರೋಗಿಯನ್ನು ಬಂದಿಯಂತೆ ನೋಡಿತ್ತು. ಅದರ ಬದಲಿಗೆ 1987ರಲ್ಲಿ ಒಂದು ಕಾಯಿದೆ ಬಂತು. ಅದನ್ನೂ ತೆಗೆದು, 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ 2018ರ ಮೇ 29ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ, ಮನೋರೋಗ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಬುದ್ಧಿಭ್ರಮಣೆಯವನೆಂದು ತೀರ್ಮಾನಿಸುವಂತಿಲ್ಲ. ಅದನ್ನು ಹೇಳಬೇಕಾದದ್ದು ಅಧಿಕಾರವುಳ್ಳ ನ್ಯಾಯಾಲಯ. ತನ್ನ ಚಿಕಿತ್ಸೆಯ ಬಗ್ಗೆ ವಿಷಯವನ್ನು ತಿಳಿದುಕೊಂಡು, ಪರಿಣಾಮ ಅರಿತು, ತೀರ್ಮಾನ ತಿಳಿಸಬಲ್ಲವನಿಗೆ ತೀರ್ಮಾನಿಸುವ ಹಕ್ಕಿದೆ. ಅವನ ತೀರ್ಮಾನ ನಮಗೆ ಸರಿಕಾಣಲಿಲ್ಲ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ತನ್ನ ಪರವಾಗಿ ಮಾತನಾಡುವ ಪ್ರತಿನಿಧಿಯನ್ನು ಅವನೇ ಹೆಸರಿಸಬಹುದು. ವಿಷಯವನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವುದು ಆಸ್ಪತ್ರೆಯ ಕರ್ತವ್ಯ.

ಇದೇ ಕಾಯಿದೆಯ ಕಾರಣದಿಂದಲೂ ಪರೀಕ್ಷೆ ಬೇಕೆನ್ನುತ್ತೇವೆ. ಹೇಳಿದ್ದು ಎರಡು ನಿಮಿಷಕ್ಕೆ ಮರೆಯುವವನಿಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆಯೇ? ಅವನ ನೆನಪು ಸೋತಿದೆ ಎಂದು ಗೊತ್ತಿದ್ದರೆ ಮೆಲ್ಲಗೆ, ಬಿಡಿಬಿಡಿಯಾಗಿ, ಮತ್ತೆ ಮತ್ತೆ ಹೇಳಬಹುದು. ಪರೀಕ್ಷೆಯ ಗುರಿ ಹಕ್ಕನ್ನು ಕಿತ್ತುಕೊಳ್ಳುವುದಲ್ಲ, ಹಕ್ಕನ್ನು ಚಲಾಯಿಸಲು ಎಷ್ಟು ನೆರವು ಬೇಕೆಂದು ತಿಳಿಯುವುದು.

ಸಮಯವಿಲ್ಲ ಎಂಬ ನೆಪ

ಡಾಕ್ಟರುಗಳಿಗೆ ಸಮಯವಿಲ್ಲ, ಜನ ಸಾಲದು ಎಂಬ ಮಾತು ಕೇಳಿಬರುತ್ತದೆ. ಅದು ಸುಳ್ಳಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯೇ ಹೇಳುವಂತೆ, ಬಹುತೇಕ ಮನೋರೋಗಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕುತ್ತಿಲ್ಲ. ಆದರೆ ಈ ಪರೀಕ್ಷೆಗೆ ಪ್ರತಿಸಲವೂ ದೊಡ್ಡ ಡಾಕ್ಟರೇ ಬೇಕಾಗಿಲ್ಲ. ತರಬೇತಾದ ನರ್ಸು, ಮನಶ್ಶಾಸ್ತ್ರಜ್ಞ, ಸಮಾಜ ಕಾರ್ಯಕರ್ತೆ ಮಾಡಬಲ್ಲರು. ಫಲವನ್ನು ಅರ್ಥೈಸುವುದು ಡಾಕ್ಟರ ಕೆಲಸ. ನಮ್ಮ ದೇಶದ ವಾರ್ಡುಗಳಲ್ಲಿ ಹೊರದೇಶಗಳಲ್ಲಿ ಅಪರೂಪವಾದ ಒಂದು ಅನುಕೂಲವೂ ಇದೆ. ತಾಯಿಯೋ ಹೆಂಡತಿಯೋ ಮಗನೋ ರೋಗಿಯ ಬಳಿಯಲ್ಲೇ ಇರುತ್ತಾರೆ. ಮೊದಲು ಹೇಗಿದ್ದ, ಈಗ ಹೇಗಿದ್ದಾನೆ ಎಂದು ಅವರಿಗಿಂತ ಬಲ್ಲವರು ಯಾರು?

ಈ ರಾಜ್ಯಕ್ಕೆ ದಾರಿ ತೋರಿಸಿದ ಚರಿತ್ರೆಯಿದೆ. 1847ರಲ್ಲಿ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆಯಾಗಿ ಹುಟ್ಟಿದ ಸಂಸ್ಥೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಜಿಲ್ಲಾಮಟ್ಟದಲ್ಲಿ ಮನೋರೋಗದ ಚಿಕಿತ್ಸೆ ಸಾಧ್ಯವೆಂದು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮೇಲೆಯೇ 1996ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮವೂ ಈ ರಾಜ್ಯದ್ದೇ. ಬಳ್ಳಾರಿಯ ಹಳ್ಳಿಗಳಲ್ಲಿ ಸಾಧ್ಯವಾದದ್ದು ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳ ದಂಡೆಯಲ್ಲಿ ಏಕೆ ಸಾಧ್ಯವಿಲ್ಲ?

ನಾವು ಏನು ಕೇಳಬೇಕು, ಏನು ಮಾಡಬೇಕು?

ಸರ್ಕಾರದಿಂದ ನಮ್ಮ ಬೇಡಿಕೆ ಬಹಳ ದೊಡ್ಡದಲ್ಲ. ಸರ್ಕಾರಿ ಆಸ್ಪತ್ರೆಯ ಮನೋರೋಗದ ವಾರ್ಡಿಗೆ ಸೇರುವ ಪ್ರತಿಯೊಬ್ಬ ವಯಸ್ಕನಿಗೂ, ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ, ಅವನ ಮಾತಿನಲ್ಲಿ, ಅವನ ವಿದ್ಯೆಗೆ ತಕ್ಕಂತೆ ಗ್ರಹಣಶಕ್ತಿಯ ಪರೀಕ್ಷೆ ಆಗಬೇಕು. ಕುಂದು ಕಂಡರೆ ಕಾರಣ ಹುಡುಕುವ ರಕ್ತಪರೀಕ್ಷೆ ಮೊದಲಾದವು ಬಿಟ್ಟಿಯಾಗಿ ಆಗಬೇಕು. ಬಿಡುಗಡೆಯ ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಜೊತೆಗೆ, ಇವನಿಗೆ ಎಂಥ ಕೆಲಸ ಆಗುತ್ತದೆ, ಎಂಥದು ಆಗದು, ಮಾತ್ರೆಯ ಹೊಣೆ ಯಾರದು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಬೇಕು. ಆ ಚೀಟಿ ಮಂಗಳವಾರದ ತಾಲ್ಲೂಕು ಡಾಕ್ಟರಿಗೂ ತಲಪಬೇಕು. ಗಮನ, ನೆನಪುಗಳಿಗೆ ಮತ್ತೆ ಸಾಧಕ ಮಾಡಿಸುವ ತರಬೇತಿ ದೊಡ್ಡ ಸಂಸ್ಥೆಗಳಲ್ಲಿ ಇದೆ. ಅದು ಮೈಸೂರು ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲೂ ಸಿಕ್ಕಬೇಕು.

ಕಾರ್ಮಿಕ ಬಂಧುಗಳು ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಇ.ಎಸ್.ಐ. ಚೀಟಿ ಇರುವವರಿಗೆ, ದೀರ್ಘಕಾಲದ ಕಾಯಿಲೆಗಳಿಗೆ ಕೂಲಿಯ ನೂರಕ್ಕೆ 80ರಷ್ಟನ್ನು ಎರಡು ವರ್ಷದವರೆಗೂ ಕೊಡುವ ವಿಸ್ತೃತ ಸೌಲಭ್ಯ ಇದೆ. ಸಾಕಷ್ಟು ಕಾಲ ವಂತಿಗೆ ಕಟ್ಟಿರಬೇಕೆಂಬ ಷರತ್ತು ಉಂಟು. ಆ ಕಾಯಿಲೆಗಳ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯದಂಥ ಮನೋರೋಗಗಳೂ ಡಿಮೆನ್ಷಿಯವೂ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿಯೂ ಮನೋರೋಗ ಸೇರಿದೆ. ಇವನ್ನು ಪಡೆಯಲು ಕಾಗದದ ಆಧಾರ ಬೇಕು. ವಾರ್ಡಿನಲ್ಲಿ ಆದ ಪರೀಕ್ಷೆ ದಾಖಲಾಗಿದ್ದರೆ ಅದಕ್ಕೊಂದು ಬಲ. ದಾಖಲಾಗದ ಕಷ್ಟ ಕಚೇರಿಯ ಕಣ್ಣಿಗೆ ಕಷ್ಟವೇ ಅಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಆಸ್ಪತ್ರೆಯಿಂದ ಬಂದ ಸಂಗಾತಿಯನ್ನು ಮೊದಲ ದಿನವೇ ಪಟ್ಟಾ ತಿರುಗುವ ಯಂತ್ರದ ಮುಂದೆ ನಿಲ್ಲಿಸಬಾರದು. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ರಾತ್ರಿಯಿಡೀ ಸೌದೆ ಹಾಕಿ ಶಾಖ ನೋಡುವ ಕೆಲಸಕ್ಕೆ ಒಬ್ಬನನ್ನೇ ಬಿಡಬಾರದು. ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು. ಅಂಗಡಿಯಲ್ಲಿ ಕುಳಿತವನ ಸಾಲದ ಪುಸ್ತಕ ತಪ್ಪಿದರೆ, ಕಳ್ಳನೆನ್ನುವ ಮೊದಲು ಅವನ ಮನೆಯವರೊಡನೆ ಮಾತಾಡಬೇಕು. ವಾರ್ಡಿನಲ್ಲಿ ಜೊತೆಗಿರುವ 'ಅವ್ವ', 'ಅಣ್ಣ'ಂದಿರು ಹೆದರದೆ ಡಾಕ್ಟರನ್ನು ಕೇಳಬೇಕು: "ಸ್ವಾಮಿ, ಇವನ ನೆನಪು, ಲೆಕ್ಕ ಹೇಗಿದೆ ಅಂತ ನೋಡಿದಿರಾ?" ಕೇಳುವುದು ತಪ್ಪಲ್ಲ. ಊರಿನಲ್ಲಿ ಯಾರಿಗಾದರೂ ಕೂಡಲೇ ಸಲಹೆ ಬೇಕಾದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿಯ 14416 ಎಂಬ ಸಂಖ್ಯೆಗೆ ಹಗಲಿರುಳು ಬಿಟ್ಟಿಯಾಗಿ ಮಾತಾಡಬಹುದು.

ಶ್ರೀಮಂತನ ಮರೆವಿಗೆ ಗುಮಾಸ್ತನಿದ್ದಾನೆ, ಆಳಿದ್ದಾನೆ. ಬಡವನಿಗೆ ಅವನ ನೆನಪೇ ಗುಮಾಸ್ತ. ಎಣಿಕೆ, ಎಚ್ಚರ, ಹೊತ್ತುಗೊತ್ತು ಇವೇ ಅವನ ಬಂಡವಾಳ. ಕೂಗಾಟ ನಿಂತಿತೆಂದು ಆಸ್ಪತ್ರೆ ಅವನನ್ನು ಮನೆಗೆ ಕಳುಹಿಸುವಾಗ, ಆ ಬಂಡವಾಳದಲ್ಲಿ ಎಷ್ಟು ಉಳಿದಿದೆಯೆಂದು ಒಮ್ಮೆ ಎಣಿಸಿ ಕಳುಹಿಸಲಿ. ನಾವು ಕೇಳುತ್ತಿರುವುದು ಅರ್ಧ ಗಂಟೆ. ಅದನ್ನು ಕೊಡದೆ ಹೋದರೆ ಒಂದು ಮನೆ ಕಳೆದುಕೊಳ್ಳುವುದು ಒಂದು ಜೀವಮಾನದ ದುಡಿಮೆಯನ್ನು.